ಒಳ್ಳೆಯ ಕೋಚ್ ಯಾರು? ಗುರುತಿಸುವುದು ಹೇಗೆ?

ಈ ಗೋಡೆ ಪತ್ರಿಕೆಯ ಮುಂದೆ ನಿಂತು ಓದುತ್ತಿರುವ ನನ್ನ ಪ್ರೀತಿಯ ಗೆಳೆಯ ಗೆಳತಿಯರೇ,

"ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು" ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಗುರಿ ನಮಗೆಲ್ಲ ಇದೆ. ಆದರೆ ಹಿಂದೆ ನಿಲ್ಲುವ ಗುರು ಎಂಥವರಿರಬೇಕು ಎಂದು ನಾವು ಯೋಚನೆ ಮಾಡುವುದೇ ಇಲ್ಲ. ಆದ್ದರಿಂದ ಈ ತಿಂಗಳು ನಾನು ಆಟದ ಗುರು, ಅಂದರೆ ಕೋಚ್ ಬಗ್ಗೆ ಬರೆಯುತ್ತಿದ್ದೇನೆ.

ಈ ವಿಷಯ ಯಾಕೆ ಬೇಕು?

ಮೊನ್ನೆ ಸಂತೆ ದಿನ ನಮ್ಮೂರ ಬಸ್ ಸ್ಟ್ಯಾಂಡ್ ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ. ನೀವೂ ನೋಡಿರಬಹುದು. "ಬೇಸಿಗೆ ಕ್ರೀಡಾ ಶಿಬಿರ. ಕಬಡ್ಡಿ, ಖೋ ಖೋ, ಓಟ. ಒಬ್ಬರಿಗೆ 2000 ರೂಪಾಯಿ. ರಾಜ್ಯ ಮಟ್ಟ ಗ್ಯಾರಂಟಿ" ಎಂದು ಅದರಲ್ಲಿದೆ. ನಮ್ಮ ತರಗತಿಯಲ್ಲಿ ಹನ್ನೊಂದು ಜನ ಮನೆಯಲ್ಲಿ ದುಡ್ಡು ಕೇಳಿದ್ದಾರೆ. ನಾನೂ ಕೇಳಿದೆ. ಅದಕ್ಕೆ ನಮ್ಮಪ್ಪ ಹೇಳಿದ್ದು ಹೀಗೆ: "ಎರಡು ಸಾವಿರ ಅಂದ್ರೆ ಡೈರಿದು ಒಂದು ಬಟವಾಡೆ ಕಣವ್ವ. ಕೊಡಲ್ಲ ಅನ್ನಲ್ಲ. ಆದ್ರೆ ಆ ಯಪ್ಪ ಕಲಿಸೋನಾ, ಸುಮ್ನೆ ದುಡ್ಡು ಕೀಳೋನಾ ಅಂತ ನಂಗೆ ಹೆಂಗೆ ಗೊತ್ತಾಗಬೇಕು? ನೀನು ಸ್ಕೂಲಿಗೆ ಹೋಗೋಳು, ನೀನೇ ವಿಚಾರಿಸಿ ಹೇಳು."

ನನಗೆ ಉತ್ತರ ಗೊತ್ತಿರಲಿಲ್ಲ. ಗುರುಗಳನ್ನು ಕೇಳಿ, ಲೈಬ್ರರಿ ಪುಸ್ತಕ ಮತ್ತು ಹಳೇ ಪೇಪರ್ ನೋಡಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಹಳ್ಳಿ ಮಕ್ಕಳು ದೊಡ್ಡ ಆಟಗಾರರಾಗಬಹುದು, ಅದರಲ್ಲಿ ಅನುಮಾನ ಬೇಡ. 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲನೇ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಅವರು ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಹಳ್ಳಿಯವರು. ಆ ಸುದ್ದಿ ಕೇಳಿದ ಮೇಲೆ ನಮ್ಮಲ್ಲಿ ಎಲ್ಲರಿಗೂ ಆಸೆ ಬಂದಿದೆ. ಆಸೆ ಇರುವ ಕಡೆ ಒಳ್ಳೆಯವರೂ ಬರುತ್ತಾರೆ, ಮೋಸಗಾರರೂ ಬರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕೋಚ್ ಅಂದರೆ ಏನು?

ಕೋಚ್ ಎಂಬುದು ಇಂಗ್ಲಿಷ್ ಪದ. ಕನ್ನಡದಲ್ಲಿ ತರಬೇತುದಾರ ಎನ್ನುತ್ತಾರೆ. ಈ ಪದಕ್ಕೆ ಒಂದು ಕಥೆ ಇದೆ. ಹಂಗೇರಿ ಎಂಬ ದೇಶದಲ್ಲಿ ಕೋಚ್ ಎಂಬ ಹಳ್ಳಿ ಇದೆ. ಸುಮಾರು ಐನೂರು ವರ್ಷಗಳ ಹಿಂದೆ ಆ ಊರು ಒಳ್ಳೆಯ ಕುದುರೆ ಗಾಡಿಗೆ ಹೆಸರಾಗಿತ್ತು. ಊರಿನ ಹೆಸರೇ ಗಾಡಿಗೆ ಬಂತು. ರೈಲಿನ ಬೋಗಿಗೆ ಈಗಲೂ ಕೋಚ್ ಅನ್ನುವುದು ಅದಕ್ಕೇ. ಆಮೇಲೆ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾಲೇಜು ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಪಾಠದ ಮೇಷ್ಟ್ರನ್ನು ತಮಾಷೆಗೆ "ಕೋಚ್" ಎಂದು ಕರೆದರು. ಅಲ್ಲಿಂದ ಆ ಪದ ಆಟಕ್ಕೂ ಬಂತು.

ಅಂದರೆ ಕೋಚ್ ಎಂದರೆ ನಮ್ಮನ್ನು ಒಂದು ಊರಿಂದ ಇನ್ನೊಂದು ಊರಿಗೆ ಮುಟ್ಟಿಸುವ ಗಾಡಿ ಇದ್ದ ಹಾಗೆ. ನಾವು ಬಸ್ ಹತ್ತುವ ಮುಂಚೆ ಬೋರ್ಡು ಓದುತ್ತೇವೆ. ಓದಕ್ಕೆ ಬರದಿದ್ದರೆ ಕಂಡಕ್ಟರನ್ನು ಕೇಳುತ್ತೇವೆ. ಆದರೆ ಕೋಚ್ ಎಂಬ ಗಾಡಿ ಹತ್ತುವಾಗ ಮಾತ್ರ ಏನೂ ಕೇಳದೆ ಹತ್ತಿಬಿಡುತ್ತೇವೆ.

ದೈಹಿಕ ಶಿಕ್ಷಕರಿಗೂ ಕೋಚ್‌ಗೂ ವ್ಯತ್ಯಾಸ ಇದೆ. ದೈಹಿಕ ಶಿಕ್ಷಕರು ಎಲ್ಲ ಮಕ್ಕಳಿಗೂ ವ್ಯಾಯಾಮ, ಕವಾಯತು, ಹಲವು ಆಟಗಳನ್ನು ಕಲಿಸುತ್ತಾರೆ. ಕೋಚ್ ಒಂದು ಆಟವನ್ನು ಆಳವಾಗಿ ಕಲಿಸುವುದನ್ನೇ ಕೆಲಸ ಮಾಡಿಕೊಂಡವರು. ಅದಕ್ಕೂ ಓದಬೇಕು. ಪಂಜಾಬಿನ ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚ್ ಆಗುವವರಿಗೆ ಡಿಪ್ಲೊಮಾ ಇದೆ. ಅದನ್ನು ಎನ್.ಐ.ಎಸ್. ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇಲ್ಲ. ಗಣಿತದ ಮೇಷ್ಟ್ರೇ ಸಾಯಂಕಾಲ ನಿಂತು ಆಡಿಸುತ್ತಾರೆ.

ಒಂದು ನಡೆದ ಸಂಗತಿ

ಹೋದ ವರ್ಷ ಒಬ್ಬರು ಹೊರಗಿನಿಂದ ಬಂದು ಹೈಸ್ಕೂಲ್ ಹುಡುಗಿಯರಿಗೆ ಖೋ ಖೋ ಹೇಳಿಕೊಟ್ಟರು. ದುಡ್ಡೂ ತೆಗೆದುಕೊಂಡರು. ಹೆಸರು ಬೇಡ. ನನ್ನ ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಆ ತಂಡದಲ್ಲಿದ್ದಳು. ನಮ್ಮೂರಲ್ಲಿ ಅವಳಷ್ಟು ಜೋರಾಗಿ ಕಂಬ ಸುತ್ತುವವರು ಯಾರೂ ಇಲ್ಲ. ಪಂದ್ಯ ಒಂದು ವಾರ ಇದೆ ಅನ್ನುವಾಗ ಅಕ್ಕ ಮಂಡಿ ಕೆಳಗೆ ನೋವು ಅಂದಳು. ಅವರು, "ನೋವೆಲ್ಲ ಮನಸ್ಸಿನಲ್ಲಿ ಇರೋದು. ಬಟ್ಟೆ ಕಟ್ಕೊಂಡು ಓಡು" ಅಂದರು.

ಅಕ್ಕ ಓಡಿದಳು. ತಾಲ್ಲೂಕು ಮಟ್ಟದ ಪಂದ್ಯ ಗೆದ್ದರು. ಕಪ್ ಬಂತು, ತಮಟೆ ಹೊಡೆಸಿದರು. ಮಾರನೇ ದಿನ ಅಕ್ಕನಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಮಂಡಿ ಕುಂಬಳಕಾಯಿ ಹಾಗೆ ಊದಿತ್ತು. ಡಾಕ್ಟರು ನೋಡಿ, "ಬೆಳೆಯೋ ಮಕ್ಕಳ ಮೂಳೆ ತುದಿ ಇನ್ನೂ ಮೆತ್ತಗಿರುತ್ತೆ. ನೋವಿದ್ದಾಗ ನಿಲ್ಲಿಸಿದ್ದರೆ ಬೇಗ ವಾಸಿ ಆಗ್ತಿತ್ತು. ಈಗ ತಿಂಗಳುಗಟ್ಟಲೆ ಓಡಬಾರದು" ಅಂದರು. ಆ ಕೋಚ್ ಒಂದು ದಿನವೂ ನೋಡಲು ಬರಲಿಲ್ಲ. ದೊಡ್ಡಪ್ಪ ಫೋನ್ ಮಾಡಿದರೆ ಎತ್ತಲಿಲ್ಲ.

ಒಂದು ನಿಜ ಹೇಳುತ್ತೇನೆ. ಆ ಪಂದ್ಯದ ದಿನ ನಾನೂ ಗೆರೆ ಹೊರಗೆ ನಿಂತು "ಓಡಕ್ಕ, ಓಡಕ್ಕ" ಅಂತ ಗಂಟಲು ಕಟ್ಟುವ ತನಕ ಕೂಗಿದೆ. ಅವಳು ಕುಂಟುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೂ ಕೂಗಿದೆ. ಅದು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ದ್ರೋಣಾಚಾರ್ಯ ಮತ್ತು ಏಕಲವ್ಯ

ನಮ್ಮ ದೇಶದಲ್ಲಿ ಶ್ರೇಷ್ಠ ಕೋಚ್‌ಗಳಿಗೆ ಕೇಂದ್ರ ಸರ್ಕಾರ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತಿದೆ. ಇದನ್ನು ಓದಿದಾಗ ನನಗೆ ಒಂದು ಪ್ರಶ್ನೆ ಬಂತು. ಮಹಾಭಾರತದ ದ್ರೋಣರು ಏಕಲವ್ಯನಿಗೆ ವಿದ್ಯೆ ಕಲಿಸಲಿಲ್ಲ. ಅವನು ಮಣ್ಣಿನ ಮೂರ್ತಿ ಮಾಡಿಕೊಂಡು ತಾನೇ ಕಲಿತ. ಆಮೇಲೆ ಗುರುದಕ್ಷಿಣೆ ಎಂದು ಅವನ ಬಲಗೈ ಹೆಬ್ಬೆರಳನ್ನೇ ಕೇಳಿದರು. ಅಂಥವರ ಹೆಸರು ಯಾಕೆ ಇಟ್ಟರು ಅಂತ ಮೇಷ್ಟ್ರನ್ನು ಕೇಳಿದೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅರ್ಜುನನಂಥವನನ್ನು ತಯಾರು ಮಾಡಿದ್ದಕ್ಕೆ ಆ ಹೆಸರು ಇಟ್ಟಿದ್ದಾರೆ. ಆದ್ರೆ ನೀನು ಕೇಳಿದ್ದೂ ಸರಿ. ಕಲಿಸೋದು ಗೊತ್ತಿದ್ರೆ ಸಾಲದು, ಶಿಷ್ಯನ ಹೆಬ್ಬೆರಳು ಕೇಳಬಾರದು."

ಆಗ ನನಗೆ ಅಕ್ಕನ ಮಂಡಿ ನೆನಪಾಯಿತು. ಈಗಿನ ಕಾಲದಲ್ಲಿ ಯಾರೂ ಹೆಬ್ಬೆರಳು ಕೇಳುವುದಿಲ್ಲ. ಮಂಡಿ ಕೇಳುತ್ತಾರೆ, ಓದು ಬಿಡು ಅನ್ನುತ್ತಾರೆ, ವಯಸ್ಸು ಸುಳ್ಳು ಹೇಳು ಅನ್ನುತ್ತಾರೆ. ಇವತ್ತಿನ ಒಂದು ಕಪ್‌ಗಾಗಿ ನಮ್ಮ ನಾಳೆಯನ್ನು ಕೇಳದವರೇ ಒಳ್ಳೆಯ ಕೋಚ್. ಇದೇ ನನ್ನ ಲೇಖನದ ಮುಖ್ಯ ಮಾತು.

ಒಳ್ಳೆಯ ಕೋಚ್‌ಗೆ ಇರಬೇಕಾದ ಗುಣಗಳು

1. ಕಲಿಸುವ ವಿದ್ಯೆ ಗೊತ್ತಿರಬೇಕು.
ದೊಡ್ಡ ಆಟಗಾರ ಆಗಿದ್ದವರೇ ಒಳ್ಳೆಯ ಕೋಚ್ ಎಂದು ತಿಳಿಯಬಾರದು. ಸಚಿನ್ ತೆಂಡೂಲ್ಕರ್ ಅವರ ಗುರು ರಮಾಕಾಂತ್ ಆಚ್ರೇಕರ್ ಅವರು ಆಡಿದ ಪ್ರಥಮ ದರ್ಜೆ ಪಂದ್ಯ ಒಂದೇ ಒಂದು. ಆದರೆ ಮುಂಬಯಿಯ ಶಿವಾಜಿ ಪಾರ್ಕ್‌ನಲ್ಲಿ ಅವರು ತಯಾರು ಮಾಡಿದ ಹಲವರು ಭಾರತಕ್ಕೆ ಆಡಿದರು. 1990ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆದ್ದರಿಂದ ಮನೆಯಲ್ಲಿ ಎಷ್ಟು ಕಪ್ ಇಟ್ಟಿದ್ದಾರೆ ಎಂದು ಎಣಿಸುವುದಕ್ಕಿಂತ, ಅವರ ಹತ್ತಿರ ಕಲಿತವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಬೇಕು.

2. ತಪ್ಪನ್ನು ಬಿಡಿಸಿ ತೋರಿಸಬೇಕು.
"ಸರಿಯಾಗಿ ಆಡ್ರೋ" ಎಂದು ಕೂಗುವುದು ಯಾರಿಗೂ ಬರುತ್ತದೆ. ನಾನು ಖೋ ಸಿಕ್ಕಿದ ಮೇಲೆ ಏಳುವುದು ಯಾವಾಗಲೂ ತಡ ಆಗುತ್ತಿತ್ತು. ಎಲ್ಲರೂ "ನೀನು ನಿಧಾನ" ಅಂದರು. ಮೇಷ್ಟ್ರು ಮಾತ್ರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ, "ನೀನು ಮೊದಲು ನೆಟ್ಟಗೆ ಎದ್ದು ನಿಲ್ತೀಯ, ಆಮೇಲೆ ಓಡ್ತೀಯ. ನಿಲ್ಲಬೇಡ, ಬಗ್ಗಿಕೊಂಡೇ ಮುಂದಕ್ಕೆ ನುಗ್ಗು" ಅಂದರು. ಒಂದು ವಾರದಲ್ಲಿ ಸರಿ ಹೋಯಿತು. ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವ ಕಣ್ಣು ಕೋಚ್‌ಗೆ ಬೇಕು.

3. ತಾಳ್ಮೆ ಇರಬೇಕು.
ಪಿ.ಟಿ. ಉಷಾ ಅವರನ್ನು ಒ.ಎಂ. ನಂಬಿಯಾರ್ ಎಂಬ ಕೋಚ್ ಗುರುತಿಸಿದ್ದು 1976ರಲ್ಲಿ, ಕೇರಳದಲ್ಲಿ. ಆಗ ಉಷಾ ಅವರಿಗೆ ಹನ್ನೆರಡು ವರ್ಷ, ಅಂದರೆ ನಮಗಿಂತ ಚಿಕ್ಕವರು. ಅವರು ಒಲಿಂಪಿಕ್ಸ್ ಫೈನಲ್ ಓಡಿದ್ದು 1984ರಲ್ಲಿ. ನಡುವೆ ಎಂಟು ವರ್ಷ! ರಾಗಿ ಬಿತ್ತಿದರೂ ತೆನೆ ಬರಲು ಮೂರು ನಾಲ್ಕು ತಿಂಗಳು ಬೇಕು. ಹಾಗಿರುವಾಗ ಒಂದು ಬೇಸಿಗೆ ರಜೆಯಲ್ಲಿ "ರಾಜ್ಯ ಮಟ್ಟ ಗ್ಯಾರಂಟಿ" ಎನ್ನುವವರನ್ನು ಹೇಗೆ ನಂಬುವುದು? ಗ್ಯಾರಂಟಿ ಕೊಡುವವರ ಹತ್ತಿರ ಹುಷಾರಾಗಿರಬೇಕು.

4. ಸೋತ ದಿನವೂ ಜೊತೆಗಿರಬೇಕು.
1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಉಷಾ ಅವರು ನಾಲ್ಕನೆಯವರಾದರು. ಮೂರನೆಯವರ ಕಾಲ 55.41 ಸೆಕೆಂಡ್, ಉಷಾ ಅವರದು 55.42. ಒಂದು ಸೆಕೆಂಡನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ! ಅಷ್ಟರಲ್ಲಿ ಪದಕ ಹೋಯಿತು. ನಂಬಿಯಾರ್ ಅವರು ಶಿಷ್ಯೆಯನ್ನು ಕೈಬಿಡಲಿಲ್ಲ. ತರಬೇತಿ ಮುಂದುವರಿಯಿತು. 1985ರಲ್ಲಿ ಜಕಾರ್ತದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಉಷಾ ಅವರು 5 ಚಿನ್ನ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 4 ಚಿನ್ನ ಮತ್ತು 1 ಬೆಳ್ಳಿ ಗೆದ್ದರು. ಮೊದಲನೇ ವರ್ಷದ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರಲ್ಲಿ ನಂಬಿಯಾರ್ ಅವರೂ ಒಬ್ಬರು. ಗೆದ್ದ ದಿನ ಫೋಟೋಕ್ಕೆ ಎಲ್ಲರೂ ಬಂದು ನಿಲ್ಲುತ್ತಾರೆ. ಸೋತ ದಿನ ಯಾರು ನಿಲ್ಲುತ್ತಾರೆ ಎಂಬುದನ್ನು ನೋಡಬೇಕು.

5. ಮೈಯ ಕಷ್ಟ ಗೊತ್ತಿರಬೇಕು.
ಆಡುವ ಮುಂಚೆ ನಿಧಾನವಾಗಿ ಓಡಿಸಿ, ಕೈಕಾಲು ಸಡಿಲ ಮಾಡಿಸಬೇಕು. ಮಧ್ಯೆ ಮಧ್ಯೆ ನೀರು ಕುಡಿಸಬೇಕು. "ನೀರು ಕುಡಿದರೆ ದಮ್ಮು ಹೋಗುತ್ತೆ" ಎನ್ನುವುದು ತಪ್ಪು. ಬಿಸಿಲಲ್ಲಿ ನೀರಿಲ್ಲದೆ ಆಡಿದರೆ ತಲೆ ಸುತ್ತಿ ಬೀಳುತ್ತಾರೆ, ಪ್ರಾಣಕ್ಕೂ ಅಪಾಯ. ವಾರಕ್ಕೆ ಒಂದು ದಿನವಾದರೂ ವಿಶ್ರಾಂತಿ ಬೇಕು. ದಣಿವು ಬೇರೆ, ನೋವು ಬೇರೆ. ದಣಿವು ರಾತ್ರಿ ಮಲಗಿ ಎದ್ದರೆ ಹೋಗುತ್ತದೆ. ಒಂದೇ ಜಾಗದಲ್ಲಿ ದಿನಾ ಬರುವ ನೋವು, ಊತ, ಕುಂಟುವುದು ಇದ್ದರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಒಳ್ಳೆಯ ಕೋಚ್ ತಾವೇ "ಎಲ್ಲಿ ನೋವು?" ಎಂದು ಕೇಳುತ್ತಾರೆ.

6. ಶಿಸ್ತು ಇರಬೇಕು, ಹೊಡೆತ ಬೈಗುಳ ಇರಬಾರದು.
ಶಿಸ್ತು ಇಲ್ಲದೆ ಆಟ ಇಲ್ಲ. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಕೋಚ್ ಪುಲ್ಲೇಲ ಗೋಪಿಚಂದ್ ಅವರು ಪಿ.ವಿ. ಸಿಂಧು ಅವರ ಮೊಬೈಲನ್ನು ಮೂರು ತಿಂಗಳು ತೆಗೆದಿಟ್ಟುಕೊಂಡಿದ್ದರು. ಐಸ್ ಕ್ರೀಮ್ ಕೂಡ ಬಂದ್! ಸಿಂಧು ಅವರು ಬೆಳ್ಳಿ ಗೆದ್ದ ಮೇಲೆ ಮೊಬೈಲೂ ಬಂತು, ಐಸ್ ಕ್ರೀಮೂ ಬಂತು. ಅದು ಕಾರಣ ಇರುವ ಶಿಸ್ತು. ಆಸೆ ತೋರಿಸಿ ಕಲಿಸುವುದಕ್ಕೂ ಒಂದು ಉದಾಹರಣೆ ಇದೆ. ಆಚ್ರೇಕರ್ ಅವರು ಸಚಿನ್ ಆಡುವಾಗ ಸ್ಟಂಪ್ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಔಟ್ ಮಾಡಿದ ಬೌಲರ್‌ಗೆ ಆ ನಾಣ್ಯ. ಯಾರೂ ಔಟ್ ಮಾಡದಿದ್ದರೆ ಅದು ಸಚಿನ್‌ಗೆ. ಹಾಗೆ ಗೆದ್ದ 13 ನಾಣ್ಯಗಳನ್ನು ಸಚಿನ್ ಅವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಒಂದು ರೂಪಾಯಿಯಲ್ಲಿ ಎಂಥ ಪಾಠ ನೋಡಿ!

7. ಸತ್ಯವಂತರಾಗಿರಬೇಕು.
"ನಿನ್ನ ವಯಸ್ಸು ಎರಡು ವರ್ಷ ಕಮ್ಮಿ ಬರೆಸು, ಚಿಕ್ಕವರ ಜೊತೆ ಆಡಿದರೆ ಗೆಲ್ಲಬಹುದು" ಎನ್ನುವವರು ಇದ್ದಾರೆ. ಅದು ಕಳ್ಳತನ. ಚಿಕ್ಕ ಮಗುವಿನ ಜಾಗ ಕದ್ದ ಹಾಗೆ. ಸಿಕ್ಕಿಬಿದ್ದರೆ ಶಿಕ್ಷೆ ಆಗುವುದೂ ಆಟಗಾರರಿಗೇ. ಹಾಗೆಯೇ "ಶಕ್ತಿ ಮಾತ್ರೆ", ಇಂಜೆಕ್ಷನ್ ಕೊಡುವವರಿಂದ ದೂರ ಇರಬೇಕು. ನಿಷೇಧಿಸಿದ ಔಷಧಿ ತೆಗೆದುಕೊಂಡವರನ್ನು ಪರೀಕ್ಷೆ ಮಾಡಿ ಹಿಡಿಯಲು ನಮ್ಮ ದೇಶದಲ್ಲಿ 2005ರಿಂದ ನಾಡಾ ಎಂಬ ಸಂಸ್ಥೆ ಇದೆ. ಗೋಪಿಚಂದ್ ಅವರು 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಮೇಲೆ ಕೋಲಾ ಕಂಪನಿಯ ಜಾಹೀರಾತು ಸಿಕ್ಕಿತ್ತು. ತಂಪು ಪಾನೀಯ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ದುಡ್ಡು ಬಂದರೂ ಬೇಡ ಅಂದರು. ತಾವು ಪಾಲಿಸಿದ್ದನ್ನು ಹೇಳುವವರ ಮಾತಿಗೆ ತೂಕ ಜಾಸ್ತಿ.

8. ಮಕ್ಕಳಿಗೆ ಧೈರ್ಯ ಆಗುವಂತೆ ನಡೆದುಕೊಳ್ಳಬೇಕು.
ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಟೀಚರು "ಬರಿಯಮ್ಮ, ಎಲ್ಲರೂ ಓದಲಿ" ಅಂದರು. ಅಭ್ಯಾಸ ಎಲ್ಲರಿಗೂ ಕಾಣುವ ಬಯಲಲ್ಲಿ ನಡೆಯಬೇಕು. ಅಪ್ಪ ಅಮ್ಮ ಯಾವಾಗ ಬಂದು ನೋಡಿದರೂ ಬೇಡ ಅನ್ನಬಾರದು. ಒಬ್ಬರನ್ನೇ ಬೇರೆ ಕಡೆ ಕರೆಯುವುದು, "ಮನೇಲಿ ಹೇಳಬೇಡ" ಎನ್ನುವುದು, ಬೇಡದ ರೀತಿ ಮುಟ್ಟುವುದು, ಇವು ತಪ್ಪು. ಹುಡುಗರಿಗೂ ಹುಡುಗಿಯರಿಗೂ ಇದು ಒಂದೇ. 18 ವರ್ಷದೊಳಗಿನವರ ರಕ್ಷಣೆಗೆ 2012ರಲ್ಲಿ ಪೋಕ್ಸೋ ಎಂಬ ಕಾನೂನು ಬಂದಿದೆ. ಮನೆಯವರಿಗೆ ಅಥವಾ ಟೀಚರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳುವುದಿಲ್ಲ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

(ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಹೋಗಿ ಮನೆಯಲ್ಲಿ ಓದಿ ಹೇಳಿ.)

1. ನೀವು ಕೋಚಿಂಗ್ ಎಲ್ಲಿ ಕಲಿತಿದ್ದೀರಿ? ಸರ್ಟಿಫಿಕೇಟ್ ತೋರಿಸುತ್ತೀರಾ?
2. ಮೊದಲು ನಿಮ್ಮ ಹತ್ತಿರ ಕಲಿತ ಇಬ್ಬರು ಮಕ್ಕಳ ಮನೆಯವರನ್ನು ಮಾತಾಡಿಸಬಹುದಾ?
3. ಎರಡು ದಿನ ಅಭ್ಯಾಸ ನೋಡಿ ಆಮೇಲೆ ಸೇರಬಹುದಾ?
4. ಒಬ್ಬರ ಕೈಗೆ ಎಷ್ಟು ಮಕ್ಕಳು? ಹುಡುಗಿಯರ ಜೊತೆ ಹೆಂಗಸರು ಯಾರಿರುತ್ತಾರೆ?
5. ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದೆಯಾ?
6. ಪೆಟ್ಟಾದರೆ ಏನು ಮಾಡುತ್ತೀರಿ?
7. ಪರೀಕ್ಷೆ ಇದ್ದಾಗ ರಜೆ ಕೊಡುತ್ತೀರಾ?
8. ದುಡ್ಡಿಗೆ ರಸೀತಿ ಕೊಡುತ್ತೀರಾ?

ಒಳ್ಳೆಯವರಾದರೆ ಈ ಪ್ರಶ್ನೆಗಳಿಗೆ ಕೋಪ ಮಾಡಿಕೊಳ್ಳುವುದಿಲ್ಲ. ಕೋಪ ಬಂದರೆ ಅದೂ ಒಂದು ಉತ್ತರವೇ.

ದುಡ್ಡು ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತಾರೆ. ಆಯ್ಕೆ ಆದವರಿಗೆ ಊಟ, ವಸತಿ, ತರಬೇತಿ ಸಿಗುತ್ತದೆ. ಆಯ್ಕೆ ಯಾವಾಗ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.

ನಮ್ಮ ಗುಣವೂ ಮುಖ್ಯ

ಕೋಚ್‌ನಲ್ಲಿ ಇಷ್ಟೆಲ್ಲ ಹುಡುಕುವ ನಾವು ಹೇಗಿರಬೇಕು? ಹೇಳಿದ ಹೊತ್ತಿಗೆ ಹೋಗಬೇಕು. ತಪ್ಪು ತೋರಿಸಿದರೆ ಮುಖ ಊದಿಸಿಕೊಳ್ಳಬಾರದು. ನೋವು ಮುಚ್ಚಿಡಬಾರದು. ಕಷ್ಟದ ಅಭ್ಯಾಸ ಕೊಡುವವರೆಲ್ಲ ಕೆಟ್ಟವರಲ್ಲ, ಸಲಿಗೆ ಕೊಡುವವರೆಲ್ಲ ಒಳ್ಳೆಯವರಲ್ಲ. ಮತ್ತು ಗೆರೆ ಹೊರಗೆ ನಿಂತು ಕೂಗುವವರು, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ಕುಂಟುತ್ತಿರುವವರಿಗೆ "ಓಡು" ಅಂತ ಕೂಗಬಾರದು. "ಸಾರ್, ಅವಳನ್ನ ಕೂರಿಸಿ" ಅಂತ ಕೂಗಬೇಕು. ಕಪ್ ಮುಂದಿನ ವರ್ಷವೂ ಬರುತ್ತದೆ. ಮಂಡಿ ಬರುವುದಿಲ್ಲ.

ಕೊನೆಯದಾಗಿ

ಬಸ್ ಸ್ಟ್ಯಾಂಡ್ ಕಾಗದದ ಶಿಬಿರ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಹೇಳುತ್ತಿಲ್ಲ. ನೋಡದೆ ಹೇಳುವುದು ತಪ್ಪು. ಬರುವ ಭಾನುವಾರ ನಮ್ಮಪ್ಪ ಮತ್ತು ಇನ್ನಿಬ್ಬರ ಅಪ್ಪಂದಿರು ಈ ಪ್ರಶ್ನೆಗಳ ಚೀಟಿ ಹಿಡಿದುಕೊಂಡು ಹೋಗಿ ಅಭ್ಯಾಸ ನೋಡಿ ಬರುತ್ತಾರೆ. ಆಮೇಲೆ ಸೇರುವುದೋ ಬಿಡುವುದೋ ತೀರ್ಮಾನ. ಅವರು ಹೇಳಿದ್ದನ್ನು ಈ ಗೋಡೆಯ ಮೇಲೇ ಬರೆಯುತ್ತೇನೆ.

ಅಕ್ಕನಿಗೆ ಈಗ ವಾಸಿ. ನಡೆಯುತ್ತಾಳೆ. ನಿಧಾನ ಓಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಸಾಯಂಕಾಲ ಬಂದು ಧ್ವಜದ ಕಟ್ಟೆ ಮೇಲೆ ಕೂತು ಮೂರನೇ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಖೋ ಕೊಡುವುದು ಹೇಳಿಕೊಡುತ್ತಾಳೆ. ಯಾರಾದರೂ ಬಿದ್ದರೆ ಮೊದಲು ಸೀಟಿ ಊದಿ ಆಟ ನಿಲ್ಲಿಸುತ್ತಾಳೆ.

ಈ ಲೇಖನವನ್ನು ಮೊದಲು ಅವಳಿಗೇ ಓದಲು ಕೊಟ್ಟೆ. ಪೂರ್ತಿ ಓದಿ, ನನ್ನ ಪೆನ್ನು ತೆಗೆದುಕೊಂಡು ಪ್ರಶ್ನೆಗಳ ಕೆಳಗೆ ಒಂಬತ್ತನೆಯದನ್ನು ತಾನೇ ಬರೆದಳು. ಅದನ್ನು ಹಾಗೇ ಇಲ್ಲಿ ಬರೆದಿದ್ದೇನೆ:

9. ಪೆಟ್ಟಾಗಿ ಮನೇಲಿ ಕೂತಿರೋ ಹುಡುಗೀನ ನೋಡೋಕೆ ಒಂದು ಸಲ ಬರ್ತೀರಾ?

ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು, ಗೆಳೆಯರು ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ ವಿದ್ಯಾರ್ಥಿನಿ